ಮೇಷ್ಟ್ರು ಎಲೆಕ್ಷನ್‌ನಲ್ಲಿ ಏನ್ ಮಾಡಬಹುದು, ಏನ್ ಮಾಡಬಾರದು

ಎಲೆಕ್ಷನ್ ಬಂತು ಅಂದ್ರೆ ಸ್ಟಾಫ್ ರೂಮಲ್ಲಿ ಮೊದಲು ಕೇಳಿಬರೋ ಮಾತು "ನಿಮಗೆ ಯಾವ ಡ್ಯೂಟಿ ಬಂತು, ಪಿಆರ್‌ಓ ನಾ ಎಪಿಆರ್‌ಓ ನಾ" ಅನ್ನೋದು, ಅಂದ್ರೆ ಬೂತಿನ ಮುಖ್ಯ ಅಧಿಕಾರಿನಾ, ಅವರ ಸಹಾಯಕರಾ ಅಂತ. ಆಮೇಲೆ ಮಸ್ಟರಿಂಗ್ (ಸಾಮಾನು ತಗೊಂಡು ಬೂತಿಗೆ ಹೊರಡೋದು) ಎಲ್ಲಿ, ಬೂತ್ ಎಷ್ಟು ದೂರ, ಅಲ್ಲಿ ಕರೆಂಟ್ ಇದೆಯಾ, ಬಾತ್‌ರೂಮ್ ಇದೆಯಾ, ಡಿಮಸ್ಟರಿಂಗ್ (ಸಾಮಾನು ವಾಪಸ್ ಕೊಡೋದು) ಮುಗಿಸಿ ಮನೆ ಸೇರೋದು ರಾತ್ರಿ ಎಷ್ಟೊತ್ತಿಗೆ, ಇಷ್ಟೇ. ಎಲೆಕ್ಷನ್ ಅಂದ್ರೆ ನಮ್ಮ ತಲೇಲಿ ಡ್ಯೂಟಿ. ಆದ್ರೆ ಆ ಎಲೆಕ್ಷನ್‌ನಿಂದ ಬರೋ ಸರ್ಕಾರವೇ ನಮ್ಮ ಶಾಲೆಗೆ ಗಣಿತ ಮೇಷ್ಟ್ರು ಬರ್ತಾರಾ ಇಲ್ವಾ, ರೂಮ್ ಕಟ್ಟಿಸ್ತಾರಾ, ಇಲ್ಲಾ ಮಕ್ಕಳು ಕಡಿಮೆ ಅಂತ ಪಕ್ಕದ ಊರ ಶಾಲೆಗೆ ಸೇರಿಸ್ತಾರಾ ಅಂತ ತೀರ್ಮಾನ ಮಾಡೋದು. ಅಲ್ಲಿ ನಮ್ಮ ಪಾತ್ರ ಏನು ಅಂತ ಕೇಳಿದ್ರೆ "ನಾವು ಸರ್ಕಾರಿ ನೌಕರರು ಸಾರ್, ನಮಗ್ಯಾಕೆ" ಅಂತ ಕೈ ಎತ್ತಿಬಿಡ್ತೀವಿ. ಇದು ಅರ್ಧ ಸತ್ಯ ಅಷ್ಟೇ. ಕಾನೂನು ನಮ್ಮ ಕೈ ಕಟ್ಟಿರೋದು ಪಕ್ಷದ ಕೆಲಸಕ್ಕೆ, ಶಾಲೆ ಕೆಲಸಕ್ಕಲ್ಲ. ಆ ಗೆರೆ ಎಲ್ಲಿದೆ ಅಂತ ಕರ್ನಾಟಕದ ಲೆಕ್ಕದಲ್ಲಿ ಒಂದ್ಸಲ ಬಿಡಿಸಿ ನೋಡೋಣ.

ಮೊದಲು ಮಾಡಬಾರದ್ದನ್ನ ಮುಗಿಸಿಬಿಡ್ತೀನಿ. ಸರ್ಕಾರಿ ಶಾಲೆ ಮೇಷ್ಟ್ರು ಯಾವ ಪಕ್ಷದ ಸದಸ್ಯರೂ ಆಗೋ ಹಾಗಿಲ್ಲ, ಪಕ್ಷಕ್ಕೆ ಚಂದಾ ಕೊಡೋ ಹಾಗಿಲ್ಲ, ಯಾರ ಪರವಾಗೂ ಪ್ರಚಾರ ಮಾಡೋ ಹಾಗಿಲ್ಲ. ರಾಜ್ಯ ನಾಗರಿಕ ಸೇವಾ ನಡತೆ ನಿಯಮಗಳು 1966ರಿಂದ ಇದನ್ನೇ ಹೇಳ್ತಾ ಬಂದಿವೆ, 2021ರಲ್ಲಿ ಹೊಸ ನಿಯಮ ಬಂದ್ರೂ ಈ ವಿಷಯದಲ್ಲಿ ಸಡಿಲ ಮಾಡಿಲ್ಲ. ವೋಟ್ ಹಾಕಬಹುದು, ಆದ್ರೆ ಯಾರಿಗೆ ಅಂತ ಸುಳಿವು ಕೊಡೋ ಹಾಗಿಲ್ಲ. ಪ್ರಜಾಪ್ರಾತಿನಿಧ್ಯ ಕಾಯ್ದೆ ಬೇರೆ ಇದೆ: 1951ರ ಆ ಕಾಯ್ದೆಯ 134ಎ ಕಲಂ ಪ್ರಕಾರ ಸರ್ಕಾರಿ ನೌಕರ ಒಬ್ಬ ಅಭ್ಯರ್ಥಿಯ ಚುನಾವಣಾ ಏಜೆಂಟೋ, ಬೂತ್ ಏಜೆಂಟೋ, ಎಣಿಕೆ ಏಜೆಂಟೋ ಆದ್ರೆ ಮೂರು ತಿಂಗಳವರೆಗೆ ಜೈಲು, ಇಲ್ಲಾ ದಂಡ, ಇಲ್ಲಾ ಎರಡೂ. 123(7)ನೇ ಕಲಂ ಇನ್ನೂ ಸ್ವಾರಸ್ಯ, ಅದರಲ್ಲಿ ಸಿಕ್ಕಿಬೀಳೋದು ಅಭ್ಯರ್ಥಿ. ಆ ಕಲಂ ಪಟ್ಟಿ ಮಾಡಿರೋ ವರ್ಗದ ಸರ್ಕಾರಿ ನೌಕರನಿಂದ ಗೆಲುವಿಗೆ ಸಹಾಯ ಪಡೆದ ಅಂತ ಸಾಬೀತಾದ್ರೆ ಅದು ಭ್ರಷ್ಟ ಆಚರಣೆ, ಗೆದ್ದ ಸೀಟೇ ಹೋಗಬಹುದು. ಅಂದ್ರೆ ಪ್ರೀತಿಯಿಂದ ಮಾಡಿದ ಸಹಾಯ ಅವರಿಗೇ ಮುಳುವಾಗಬಹುದು.

ವಾಟ್ಸಾಪ್ ಫಾರ್ವರ್ಡ್ ಲೆಕ್ಕಕ್ಕೆ ಬರುತ್ತಾ ಅಂತ ಬಹಳ ಜನ ಕೇಳ್ತಾರೆ. ಬಂದೇ ಬರುತ್ತೆ. ಒಂದು ಪಕ್ಷದ ಪೋಸ್ಟರ್ ಸ್ಟೇಟಸ್‌ಗೆ ಹಾಕೋದಕ್ಕೂ ಗೇಟಿನ ಮೇಲೆ ಬಾವುಟ ಕಟ್ಟೋದಕ್ಕೂ ಏನ್ ವ್ಯತ್ಯಾಸ. ನಮ್ಮ ಒಬ್ಬ ಸಹೋದ್ಯೋಗಿ ಶಿಕ್ಷಕರ ಗ್ರೂಪಿಗೆ ಬೆಳಗ್ಗೆ ಗುಡ್ ಮಾರ್ನಿಂಗ್ ಜೊತೆ ಒಬ್ಬ ಅಭ್ಯರ್ಥಿಯ ವಿಡಿಯೋ ಹಾಕಿ, ಹತ್ತು ನಿಮಿಷಕ್ಕೆ ಡಿಲೀಟ್ ಮಾಡಿದ್ರು, ಅಷ್ಟರಲ್ಲಿ ಸ್ಕ್ರೀನ್‌ಶಾಟ್ ಮೇಲಿನವರಿಗೆ ಹೋಗಿತ್ತು. ನೋಟಿಸ್ ಬಂತು, ಉತ್ತರ ಕೊಟ್ರು, ಆಮೇಲೆ ತಿಂಗಳುಗಟ್ಟಲೆ ಮನುಷ್ಯ ಗ್ರೂಪಲ್ಲಿ ಹುಟ್ಟುಹಬ್ಬದ ಶುಭಾಶಯ ಕೂಡ ಹೇಳ್ಲಿಲ್ಲ. ಇನ್ನೊಂದು, ಸರ್ಕಾರದ ನೀತಿಯನ್ನ ಬಹಿರಂಗವಾಗಿ ಟೀಕೆ ಮಾಡೋದಕ್ಕೂ ನಡತೆ ನಿಯಮದಲ್ಲಿ ತಡೆ ಇದೆ, ಅದಕ್ಕೇ ಫೇಸ್‌ಬುಕ್‌ನಲ್ಲಿ ಆವೇಶದಿಂದ ಬರೆಯೋ ಮುಂಚೆ ಒಂದು ಲೋಟ ನೀರು ಕುಡಿಯೋದು ಒಳ್ಳೇದು.

ಖಾಸಗಿ ಶಾಲೆ ಮೇಷ್ಟ್ರಿಗೆ ಈ ನಡತೆ ನಿಯಮ ನೇರವಾಗಿ ತಾಗಲ್ಲ, ಆದ್ರೆ ಆಡಳಿತ ಮಂಡಳಿದು ಬೇರೆ ನಿಯಮ ಇರುತ್ತೆ, ಅನುದಾನಿತ ಆದ್ರೆ ಇನ್ನಷ್ಟು, ಕೇಳಿಕೊಂಡೇ ಮುಂದುವರೀಬೇಕು. ನಿವೃತ್ತರಿಗೆ ಮಾತ್ರ ಪೂರ್ತಿ ಸ್ವಾತಂತ್ರ್ಯ. ಯಾವ ಪಕ್ಷಕ್ಕಾದ್ರೂ ಸೇರಿ, ಯಾವ ವೇದಿಕೆ ಮೇಲಾದ್ರೂ ಮಾತಾಡಿ, ಸ್ಪರ್ಧೆ ಮಾಡಿ. ನನ್ನ ಕೇಳಿದ್ರೆ ಊರಲ್ಲಿ ನಲವತ್ತು ವರ್ಷ ಪಾಠ ಮಾಡಿ ಮನೇಲಿ ಪೇಪರ್ ಓದ್ತಾ ಕೂತಿರೋ ನಿವೃತ್ತ ಮೇಷ್ಟ್ರಷ್ಟು ಮಾತಿನ ತೂಕ ಇರೋರು ಇನ್ಯಾರೂ ಇಲ್ಲ, ಅವರನ್ನ ನಾವು ಸನ್ಮಾನಕ್ಕೆ ಮಾತ್ರ ಕರೀತೀವಿ ಅನ್ನೋದೇ ಬೇಜಾರು.

ಈಗ ಬಹಳ ಜನರಿಗೆ ಗೊತ್ತಿದ್ದೂ ಗೊತ್ತಿಲ್ಲದ ವಿಷಯಕ್ಕೆ ಬರೋಣ, ಶಿಕ್ಷಕರ ಕ್ಷೇತ್ರ. ನಮ್ಮ ದೇಶದಲ್ಲಿ ವಿಧಾನ ಪರಿಷತ್ತು ಇರೋದೇ ಆರು ರಾಜ್ಯದಲ್ಲಿ, ಅದರಲ್ಲಿ ಕರ್ನಾಟಕ ಒಂದು. ಇಲ್ಲಿ 75 ಸೀಟು, ಅದರಲ್ಲಿ 7 ಸೀಟಿಗೆ ಮತದಾರರು ಅಂದ್ರೆ ಬರೀ ಮೇಷ್ಟ್ರುಗಳು. ಬೆಂಗಳೂರು, ದಕ್ಷಿಣ, ಆಗ್ನೇಯ, ನೈರುತ್ಯ, ಪಶ್ಚಿಮ, ವಾಯವ್ಯ, ಈಶಾನ್ಯ, ಹೀಗೆ ದಿಕ್ಕಿನ ಹೆಸರಲ್ಲಿ ಏಳು ಕ್ಷೇತ್ರ. ಒಂದೊಂದೂ ಹಲವು ಜಿಲ್ಲೆ ಹರಡಿರುತ್ತೆ: ದಕ್ಷಿಣ ಅಂದ್ರೆ ಮೈಸೂರು, ಮಂಡ್ಯ, ಹಾಸನ, ಚಾಮರಾಜನಗರ, ಪಶ್ಚಿಮ ಅಂದ್ರೆ ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಜಿಲ್ಲೆ ಜಾಸ್ತಿ ಆದ್ರೂ ಮತದಾರರು ತೀರಾ ಕಡಿಮೆ. ಒಂದು ವಿಧಾನಸಭಾ ಕ್ಷೇತ್ರದಲ್ಲಿ ಎರಡು ಲಕ್ಷದ ಆಸುಪಾಸು ವೋಟ್ ಇದ್ರೆ ಇಲ್ಲಿ ಸಾವಿರಗಳಲ್ಲೇ ಲೆಕ್ಕ. ಒಂದು ತಾಲೂಕಿನ ಹೈಸ್ಕೂಲ್ ಮೇಷ್ಟ್ರುಗಳೆಲ್ಲಾ ಒಟ್ಟಿಗೆ ಕೂತು ಒಂದು ಪ್ರಶ್ನೆ ಕೇಳಿದ್ರೆ ಅಭ್ಯರ್ಥಿ ಕಾರು ನಿಲ್ಲಿಸಿ ಇಳಿದು ಉತ್ತರ ಕೊಡ್ಲೇಬೇಕು, ಅಷ್ಟು ಸಣ್ಣ ಮತದಾರ ಪಟ್ಟಿ ಅದು. ಬಸವರಾಜ ಹೊರಟ್ಟಿಯವರು ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದೋರು, 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಮೊದಲ ಸಲ ಗೆದ್ದು 2022ರಲ್ಲಿ ಎಂಟನೇ ಸಲ ಗೆದ್ರು, ಸಭಾಪತಿಯೂ ಆದ್ರು. ಒಂದು ಶಾಲೆ ಆಟದ ಮೈದಾನದಿಂದ ಪರಿಷತ್ತಿನ ಪೀಠದವರೆಗೆ ಹೋಗೋ ದಾರಿ ಇದೆ ಅನ್ನೋದಕ್ಕೆ ಹೇಳಿದ್ದು, ಪಕ್ಷದ ಮಾತಲ್ಲ.

ಇದರ ಒಳಗೆ ಒಂದು ದೊಡ್ಡ ತೂತು ಇದೆ. ಸಂವಿಧಾನದ 171ನೇ ವಿಧಿ ಪ್ರಕಾರ ವೋಟ್ ಇರೋದು ಸೆಕೆಂಡರಿ ಶಾಲೆಗಿಂತ ಕೆಳಗಿನ ಮಟ್ಟದ್ದಲ್ಲದ ಸಂಸ್ಥೆಯಲ್ಲಿ ಪಾಠ ಮಾಡೋರಿಗೆ ಮಾತ್ರ. ಹೈಸ್ಕೂಲು, ಪಿಯು, ಡಿಗ್ರಿ, ಯೂನಿವರ್ಸಿಟಿ ಎಲ್ಲಾ ಸರಿ. ಪ್ರಾಥಮಿಕ ಶಾಲೆ ಮೇಷ್ಟ್ರಿಗೆ ಇಲ್ಲ. ಒಂದನೇ ಕ್ಲಾಸಿನ ಮಗುವಿಗೆ ಅ ಆ ಇ ಈ ತಿದ್ದಿಸೋ ಟೀಚರಮ್ಮ ಶಿಕ್ಷಕರ ಕ್ಷೇತ್ರದ ಮತದಾರರಲ್ಲ! ಡಿಗ್ರಿ ಮುಗಿದು ಮೂರು ವರ್ಷ ಆಗಿದ್ರೆ ಪದವೀಧರ ಕ್ಷೇತ್ರದಲ್ಲಿ ಹೆಸರು ಸೇರಿಸಬಹುದು, ಅದು ಬೇರೆ ಬಾಗಿಲು. ಆದ್ರೆ ಸರ್ಕಾರಿ ಶಾಲೆ ಕಷ್ಟದ ದೊಡ್ಡ ಪಾಲು ಇರೋದು ಪ್ರೈಮರಿಯಲ್ಲಿ, ಒಬ್ಬರೇ ಮೇಷ್ಟ್ರು ಐದು ಕ್ಲಾಸು ನೋಡ್ಕೊಳ್ಳೋ ಶಾಲೆಗಳಲ್ಲಿ, ಅಲ್ಲಿಗೇ ಈ ಏಳು ಸೀಟಿನಲ್ಲಿ ದನಿ ಇಲ್ಲ. ಹಾಗಾಗಿ ಹೈಸ್ಕೂಲು, ಕಾಲೇಜಿನೋರು ಹಾಕೋ ವೋಟು ಅವರ ಪರವಾಗಿಯೂ ಹಾಕಿದ ವೋಟು ಅಂತ ನಾನು ತಿಳ್ಕೊಂಡಿದೀನಿ, ಪ್ರೈಮರಿ ಗಟ್ಟಿ ಇಲ್ದೆ ಎಂಟನೇ ಕ್ಲಾಸಿಗೆ ಬರೋ ಮಕ್ಕಳನ್ನ ನೋಡಿದೋರಿಗೆ ಇದನ್ನ ಬಿಡಿಸಿ ಹೇಳ್ಬೇಕಾಗಿಲ್ಲ.

ಹೆಸರು ಸೇರಿಸೋದು ಹೇಗೆ ಅನ್ನೋದು ಮುಖ್ಯ, ಯಾಕಂದ್ರೆ ಬಹಳ ಮೇಷ್ಟ್ರು ಇಲ್ಲೇ ತಪ್ಪೋದು. ನಿಮ್ಮ ಎಪಿಕ್ ಕಾರ್ಡ್ (ವೋಟರ್ ಐಡಿ) ಇದ್ದು ವಿಧಾನಸಭೆ ಪಟ್ಟಿಯಲ್ಲಿ ಹೆಸರಿದ್ರೆ ಸಾಲದು, ಇದು ಬೇರೇನೇ ಪಟ್ಟಿ. ಅದೂ ಒಂದ್ಸಲ ಸೇರಿಸಿದ್ರೆ ಜೀವಮಾನಕ್ಕೆ ಮುಗೀತು ಅನ್ನೋ ಹಾಗಿಲ್ಲ, ಪ್ರತಿ ಚುನಾವಣೆಗೂ ಮುಂಚೆ ಪಟ್ಟಿಯನ್ನ ಹೊಸದಾಗಿ ಬರೀತಾರೆ, ಕಳೆದ ಸಲ ವೋಟ್ ಹಾಕಿದ್ದೆ ಅಂತ ಸುಮ್ಮನೆ ಕೂತ್ರೆ ಹೆಸರು ಇರಲ್ಲ. ಫಾರಂ 19 ತುಂಬಬೇಕು. ಪದವೀಧರರದ್ದು ಫಾರಂ 18, ಇವೆರಡನ್ನ ಅದಲುಬದಲು ಮಾಡೋರು ಎಷ್ಟೋ ಜನ. ಅರ್ಹತಾ ದಿನಾಂಕ ನವೆಂಬರ್ 1. ಆ ದಿನಕ್ಕೆ ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷ ಪಾಠ ಮಾಡಿರ್ಬೇಕು, ಒಂದೇ ಸಮ ಮೂರು ವರ್ಷ ಅಂತಲ್ಲ, ಒಟ್ಟು ಮೂರು. ಈ ಲೆಕ್ಕದ ಪ್ರಕಾರ ನಿವೃತ್ತರಾಗಿ ಎರಡು ವರ್ಷ ಆದೋರೂ ಮತದಾರರಾಗಬಹುದು, ಬಹಳ ಜನಕ್ಕೆ ಇದು ಗೊತ್ತೇ ಇಲ್ಲ. ಪಾಠ ಮಾಡಿದ್ದಕ್ಕೆ ಸಂಸ್ಥೆಯ ಮುಖ್ಯಸ್ಥರ ಪ್ರಮಾಣಪತ್ರ ಬೇಕು. ಕ್ಷೇತ್ರ ನೋಡೋದು ನೀವು ವಾಸ ಇರೋ ಜಾಗದ ಮೇಲೆ, ಶಾಲೆ ಇರೋ ಜಾಗದ ಮೇಲಲ್ಲ. ತುಮಕೂರಿಂದ ದಿನಾ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ಪಾಠ ಮಾಡೋರು ಆಗ್ನೇಯ ಕ್ಷೇತ್ರದ ಮತದಾರರು.

ಮತದಾನ ಅಂತೂ ಇನ್ನೂ ಮಜಾ. ಇಲ್ಲಿ ಇವಿಎಂ ಇಲ್ಲ, ಬಟನ್ ಇಲ್ಲ, ಬ್ಯಾಲೆಟ್ ಪೇಪರ್. ಪಕ್ಷದ ಚಿಹ್ನೆ ಇರಲ್ಲ. ಅಭ್ಯರ್ಥಿಗಳ ಹೆಸರಿನ ಮುಂದೆ 1, 2, 3 ಅಂತ ನಿಮ್ಮ ಪ್ರಾಶಸ್ತ್ಯ ಬರೀಬೇಕು, ಅದೂ ಬೂತಲ್ಲಿ ಕೊಡೋ ನೇರಳೆ ಬಣ್ಣದ ಸ್ಕೆಚ್ ಪೆನ್ನಲ್ಲೇ, ಜೇಬಲ್ಲಿರೋ ನಮ್ಮ ಕೆಂಪು ಪೆನ್ನು ನಡೆಯಲ್ಲ. 1 ಅಂತ ಎಲ್ಲೂ ಬರೀದೇ ಇದ್ರೆ ವೋಟು ತಿರಸ್ಕೃತ. ಇಬ್ಬರಿಗೆ 1 ಕೊಟ್ರೂ ತಿರಸ್ಕೃತ. ಟಿಕ್ ಮಾಡಿದ್ರೆ, "ಒಂದು" ಅಂತ ಅಕ್ಷರದಲ್ಲಿ ಬರೆದ್ರೆ, ಕೆಳಗೆ ಸಹಿ ಹಾಕಿದ್ರೆ ಎಲ್ಲಾ ತಿರಸ್ಕೃತ. ನಗಬೇಡಿ, ಜೀವನವೆಲ್ಲಾ ಉತ್ತರ ಪತ್ರಿಕೆ ತಿದ್ದಿ ಸಹಿ ಹಾಕಿದ ಕೈ ಅದು, ಕಾಗದ ಮುಂದೆ ಇಟ್ರೆ ಟಿಕ್ ಬೀಳುತ್ತೆ, ಕೆಳಗೆ ಸಹಿ ತಾನಾಗೇ ಬೀಳುತ್ತೆ. ನಮ್ಮ ಜೊತೆ ಇದ್ದ ಒಬ್ಬ ಹಿರಿಯ ಕನ್ನಡ ಪಂಡಿತರು ಬೂತಿಂದ ಹೊರಗೆ ಬಂದು "ಸ್ಪಷ್ಟವಾಗಿ ಒಂದು ಅಂತ ದುಂಡಗೆ ಬರೆದು ಬಂದೆ ಕಣ್ರಯ್ಯ" ಅಂದ್ರು. ಅಂಕಿಯಾ ಅಕ್ಷರಾನಾ ಸಾರ್ ಅಂತ ಕೇಳಿದ್ವಿ. ಸ್ವಲ್ಪ ಹೊತ್ತು ಮಾತಾಡ್ಲಿಲ್ಲ. ಆಮೇಲೆ ಕ್ಯಾಂಟೀನ್ ಕಡೆ ನಡೆದ್ರು.

ಈ 1, 2, 3 ಯಾಕೆ ಅಂತ ಲೆಕ್ಕ ಹಾಕಿ ತೋರಿಸ್ತೀನಿ, ಅರ್ಥ ಆದ್ರೆ ಮುಂದಿನ ಸಲ ಬರೀ 1 ಬರೆದು ಬರಲ್ಲ ನೀವು. ಸಿಂಧು ಆದ ಮತ 18,000 ಅಂತಿಟ್ಕೊಳ್ಳಿ, ಇದು ಉದಾಹರಣೆಗೆ ಅಷ್ಟೇ. ಒಂದೇ ಸೀಟು ಇರೋದ್ರಿಂದ ಗೆಲ್ಲೋಕೆ ಬೇಕಾದ ಕೋಟಾ ಅರ್ಧಕ್ಕೆ ಒಂದು ಸೇರಿಸಿ, ಅಂದ್ರೆ 9,001. ಮೊದಲ ಎಣಿಕೆಯಲ್ಲಿ ರಾಮಪ್ಪನಿಗೆ 7,900, ಸೀತಮ್ಮನಿಗೆ 6,900, ಭೀಮಪ್ಪನಿಗೆ 3,200. ಯಾರೂ 9,001 ಮುಟ್ಟಲಿಲ್ಲ. ಮಾಮೂಲಿ ಎಲೆಕ್ಷನ್ ಆಗಿದ್ರೆ ರಾಮಪ್ಪನಿಗೆ ಹಾರ ಬಿದ್ದು ಪಟಾಕಿ ಹೊಡೆದಾಗಿರೋದು. ಇಲ್ಲಿ ಹಾಗಲ್ಲ, ಕೊನೇಲಿರೋ ಭೀಮಪ್ಪನ್ನ ಕೈಬಿಟ್ಟು ಅವನ 3,200 ಬ್ಯಾಲೆಟ್ ಬಿಚ್ಚಿ, ಅದರಲ್ಲಿ 2 ಅಂತ ಯಾರಿಗೆ ಬರೆದಿದಾರೆ ನೋಡ್ತಾರೆ. 2,300 ಸೀತಮ್ಮನಿಗೆ, 500 ರಾಮಪ್ಪನಿಗೆ, ಉಳಿದ 400ರಲ್ಲಿ 2ನೇ ಪ್ರಾಶಸ್ತ್ಯವೇ ಬರೆದಿಲ್ಲ, ಅವು ಅಲ್ಲಿಗೇ ಮುಗೀತು. ಈಗ ಸೀತಮ್ಮ 9,200, ರಾಮಪ್ಪ 8,400. ಸೀತಮ್ಮ ಗೆದ್ರು.

ಇದರಲ್ಲಿ ನಮಗೆ ಬೇಕಾದ ವಿಷಯ ಏನಪ್ಪಾ ಅಂದ್ರೆ, ನಿಮಗೆ ನಿಜವಾಗಿ ಇಷ್ಟ ಆದ ಅಭ್ಯರ್ಥಿ, ಶಾಲೆ ಬಗ್ಗೆ ಚೆನ್ನಾಗಿ ಮಾತಾಡೋ ಆದ್ರೆ ಗೆಲ್ಲೋ ಲಕ್ಷಣ ಇಲ್ಲದ ಒಬ್ಬ ಮೇಷ್ಟ್ರು, ಅವರಿಗೆ ಧೈರ್ಯವಾಗಿ 1 ಕೊಡಬಹುದು. ವೋಟ್ ವೇಸ್ಟ್ ಆಗಲ್ಲ, ಅವರು ಬಿದ್ರೂ ನಿಮ್ಮ 2 ಜೀವಂತ. ದೊಡ್ಡ ಪಕ್ಷದೋರು ಬಂದು "ನಮಗೆ 1 ಮಾತ್ರ ಕೊಡಿ, 2 ಯಾರಿಗೂ ಬರೀಬೇಡಿ" ಅಂತ ಹೇಳೋದು ಯಾಕೆ ಅಂತ ಈಗ ಗೊತ್ತಾಯ್ತಲ್ಲ.

ದುಡ್ಡಿನ ವಿಷಯ ಹೇಳದೇ ಹೋದ್ರೆ ಮೋಸ ಆಗುತ್ತೆ. ವಿಧಾನಸಭೆ, ಲೋಕಸಭೆಗೆ ಅಭ್ಯರ್ಥಿ ಇಷ್ಟೇ ಖರ್ಚು ಮಾಡ್ಬೇಕು ಅಂತ ಮಿತಿ ಇದೆ, ಪರಿಷತ್ತಿನ ಚುನಾವಣೆಗೆ ಆ ಮಿತಿಯೇ ಇಲ್ಲ. ಸಣ್ಣ ಮತದಾರ ಪಟ್ಟಿ, ಖರ್ಚಿಗೆ ಮಿತಿ ಇಲ್ಲ, ಇವೆರಡು ಸೇರಿದ್ರೆ ಏನಾಗುತ್ತೆ ಅಂತ ಗಣಿತ ಮೇಷ್ಟ್ರಿಗೆ ಹೇಳ್ಬೇಕಾ. ಶಿಕ್ಷಕರ ದಿನಾಚರಣೆ ನೆಪದಲ್ಲಿ ಬರೋ ಬ್ಯಾಗು, ವಾಚು, ಹೋಟೆಲ್ ಊಟ ಎಲ್ಲಾ ನಾವು ನೋಡಿದ್ದೇ. ಮಕ್ಕಳಿಗೆ ಮತದಾರರ ದಿನ ಜನವರಿ 25ಕ್ಕೆ ಆಮಿಷಕ್ಕೆ ಒಳಗಾಗಲ್ಲ ಅಂತ ಪ್ರತಿಜ್ಞೆ ಹೇಳಿಕೊಡೋರೂ ನಾವೇ, ಎಲೆಕ್ಷನ್ ಹೊತ್ತಲ್ಲಿ ಬ್ಯಾಗ್ ತಗೊಳ್ಳೋರೂ ನಾವೇ ಆದ್ರೆ ಆ ಬ್ಯಾಗು ಹೆಗಲಿಗೆ ಹಾಕ್ಕೊಂಡು ಕ್ಲಾಸಿಗೆ ಹೋಗೋದು ಹೇಗೆ.

ಸ್ಪರ್ಧೆ ಮಾಡೋ ಆಸೆ ಇದ್ರೆ ಎರಡು ಮಾತು. ಪರಿಷತ್ತಿಗೆ 30 ವರ್ಷ ತುಂಬಿರ್ಬೇಕು, ರಾಜ್ಯದ ಯಾವುದಾದ್ರೂ ವಿಧಾನಸಭಾ ಕ್ಷೇತ್ರದ ಮತದಾರ ಆಗಿರ್ಬೇಕು. ಸರ್ಕಾರಿ ಕೆಲಸದಲ್ಲಿದ್ರೆ ರಾಜೀನಾಮೆ ಕೊಟ್ಟೇ ನಿಲ್ಲಬೇಕು, ಲಾಭದಾಯಕ ಹುದ್ದೆ ಅನ್ನೋ ಅನರ್ಹತೆ ಇದೆಯಲ್ಲ ಅದಕ್ಕೆ. ವಿಚಿತ್ರ ಏನಂದ್ರೆ ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲೋರು ಶಿಕ್ಷಕರೇ ಆಗಿರ್ಬೇಕು ಅಂತ ಕಾನೂನಿಲ್ಲ. ಪದವೀಧರ ಕ್ಷೇತ್ರದ ಅಭ್ಯರ್ಥಿ ಪದವೀಧರ ಆಗಿರಬೇಕಿಲ್ಲ ಅಂತ 1972ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಅಂದ್ರೆ ಬೋರ್ಡಿನ ಮುಂದೆ ಒಂದು ದಿನ ನಿಲ್ಲದೋರೂ ಶಿಕ್ಷಕರ ಪ್ರತಿನಿಧಿ ಆಗಬಹುದು. ಅದಕ್ಕೇ ಪ್ರಶ್ನೆ ಕೇಳೋದು ಮುಖ್ಯ.

ಏನ್ ಪ್ರಶ್ನೆ? ಇಲ್ಲಿ ನನಗೆ ನಮ್ಮೋರ ಮೇಲೇ ಸ್ವಲ್ಪ ಸಿಟ್ಟಿದೆ. ಅಭ್ಯರ್ಥಿ ಶಾಲೆಗೆ ಬಂದಾಗ ನಾವು ಕೇಳೋದು ಎನ್‌ಪಿಎಸ್ (ಹೊಸ ಪಿಂಚಣಿ ಯೋಜನೆ) ತೆಗೀತೀರಾ, ವರ್ಗಾವಣೆ ಯಾವಾಗ, ಬಡ್ತಿ, ವೇತನ ಆಯೋಗ. ತಪ್ಪಲ್ಲ, 2006ರ ಏಪ್ರಿಲ್ 1ರ ಆಮೇಲೆ ಸೇರಿದೋರಿಗೆ ಪಿಂಚಣಿ ಚಿಂತೆ ಸಣ್ಣದಲ್ಲ, ನನಗೂ ಇದೆ. ಆದ್ರೆ ಅದರ ಪಕ್ಕದಲ್ಲೇ ಶಾಲೆ ಪ್ರಶ್ನೆಯೂ ಇರ್ಬೇಕು. ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ 2009ರ 26ನೇ ಸೆಕ್ಷನ್ ಅಂತ ಒಂದಿದೆ, ಸರ್ಕಾರಿ ಶಾಲೆಗಳಲ್ಲಿ ಮಂಜೂರಾದ ಶಿಕ್ಷಕರ ಹುದ್ದೆಯಲ್ಲಿ ಖಾಲಿ ಶೇ. 10 ದಾಟಬಾರದು ಅಂತ. ಆಶ್ವಾಸನೆ ಅಲ್ಲ, ಕಾನೂನು. ಅದೇ ಕಾಯ್ದೆಯ ಅನುಸೂಚಿ ಪ್ರಕಾರ ಐದನೇ ಕ್ಲಾಸಿನವರೆಗೆ 30 ಮಕ್ಕಳಿಗೆ ಒಬ್ಬ ಮೇಷ್ಟ್ರು, ಆರರಿಂದ ಎಂಟಕ್ಕೆ 35ಕ್ಕೊಬ್ಬರು. ಶಿಕ್ಷಣಕ್ಕೆ ರಾಷ್ಟ್ರೀಯ ಆದಾಯದ ಶೇ. 6 ಖರ್ಚು ಮಾಡ್ಬೇಕು ಅಂತ ಕೊಠಾರಿ ಆಯೋಗ 1966ರಲ್ಲೇ ಹೇಳಿತ್ತು, 2020ರ ಶಿಕ್ಷಣ ನೀತೀಲೂ ಅದೇ ಶೇ. 6 ಬರೆದಿದಾರೆ, ನಡುವೆ ಐವತ್ನಾಲ್ಕು ವರ್ಷ. ನಮ್ಮ ತಾಲೂಕಲ್ಲಿ ಎಷ್ಟು ಹುದ್ದೆ ಖಾಲಿ, ಅದರಲ್ಲಿ ಅತಿಥಿ ಶಿಕ್ಷಕರು ಎಷ್ಟು, ಇದು ಶೇ. 10ರ ಒಳಗಿದೆಯಾ, ಇಲ್ದೇ ಇದ್ರೆ ನೀವು ಸದನದಲ್ಲಿ ಯಾವ ಪ್ರಶ್ನೆ ಹಾಕ್ತೀರಾ ಅಂತ ಕೇಳಿ ನೋಡಿ, "ನಾನು ನಿಮ್ಮೋನೇ ಸಾರ್" ಅನ್ನೋ ಉತ್ತರಕ್ಕೆ ಆಮೇಲೆ ಜಾಗ ಇರಲ್ಲ.

ವಿಧಾನಸಭೆ, ಪಂಚಾಯ್ತಿ ಎಲೆಕ್ಷನ್‌ಗಳಲ್ಲಿ ಈ ಪ್ರಶ್ನೆಗಳನ್ನ ಸರ್ಕಾರಿ ಮೇಷ್ಟ್ರು ಎದ್ದು ನಿಂತು ಕೇಳೋದು ಕಷ್ಟ, ನಿಜ. ಆದ್ರೆ ಎಸ್‌ಡಿಎಂಸಿ, ಅಂದ್ರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಇದೆಯಲ್ಲ. ಅಲ್ಲಿರೋರು ತಂದೆತಾಯಂದಿರು, ಅವರಿಗೆ ಯಾವ ನಡತೆ ನಿಯಮವೂ ಇಲ್ಲ. ನಮ್ಮ ಕೆಲಸ ಅವರ ಕೈಗೆ ಸರಿಯಾದ ಅಂಕಿ ಕೊಡೋದು: ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಇರೋರು ಎಷ್ಟು, ರೂಮ್ ಎಷ್ಟು ಬೇಕು, ಶೌಚಾಲಯಕ್ಕೆ ನೀರಿದೆಯಾ. ಶಾಲಾ ಅಭಿವೃದ್ಧಿ ಯೋಜನೆ ಬರೆಯೋದು ಎಸ್‌ಡಿಎಂಸಿಯ ಕೆಲಸವೇ, ಸಭೆಯಲ್ಲಿ ಚರ್ಚೆ ಮಾಡಿ ನಡಾವಳಿ ಬರೆಯೋದು ಪ್ರಚಾರ ಅಲ್ಲ. ಎಲೆಕ್ಷನ್ ಡೇಟ್ ಅನೌನ್ಸ್ ಆದ್ಮೇಲೆ ಓಡಾಡೋದಕ್ಕಿಂತ ಆರು ತಿಂಗಳು ಮುಂಚೆನೇ ಇದನ್ನ ಮುಗಿಸಿ ಇಟ್ಟಿದ್ರೆ, ವೋಟ್ ಕೇಳೋಕೆ ಬಂದ ಎಲ್ಲಾ ಪಕ್ಷದೋರಿಗೂ ಪೋಷಕರೇ ಒಂದೇ ಹಾಳೆ ಕೊಡ್ತಾರೆ. ಎಲ್ಲರಿಗೂ ಒಂದೇ ಹಾಳೆ, ಇದು ಮುಖ್ಯ, ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಬಿಟ್ರೆ ಅಲ್ಲಿ ರಾಜಕೀಯ ಶುರು. ನಮ್ಮ ಕರ್ನಾಟಕದಲ್ಲಿ ಗ್ರಾಮ ಪಂಚಾಯ್ತಿ ಎಲೆಕ್ಷನ್ ಪಕ್ಷದ ಚಿಹ್ನೆ ಇಲ್ಲದೇ ನಡೆಯೋದು, ಶಾಲೆ ಕಾಂಪೌಂಡು, ನಲ್ಲಿ ಅನ್ನೋ ಮಾತಿಗೆ ಅಲ್ಲಿ ಕಿವಿ ಜಾಸ್ತಿ.

ಡ್ಯೂಟಿ ವಿಷಯ ಕೊನೆಗೆ. ಆರ್‌ಟಿಇ 27ನೇ ಸೆಕ್ಷನ್ ಮೇಷ್ಟ್ರನ್ನ ಬೇರೆ ಕೆಲಸಕ್ಕೆ ಹಚ್ಚಬಾರದು ಅನ್ನುತ್ತೆ, ಆದ್ರೆ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಮೂರಕ್ಕೂ ವಿನಾಯ್ತಿ. ಸುಪ್ರೀಂ ಕೋರ್ಟ್ 2007ರ ಡಿಸೆಂಬರ್‌ನಲ್ಲಿ, ಮತದಾರ ಪಟ್ಟಿ ಕೆಲಸಕ್ಕೆ ಮೇಷ್ಟ್ರನ್ನ ರಜಾ ದಿನ, ಪಾಠ ಇಲ್ಲದ ದಿನ, ಪಾಠ ಇಲ್ಲದ ಹೊತ್ತಲ್ಲಿ ಬಳಸ್ಕೊಳ್ಳಿ ಅಂದಿದೆ. ಬಿಎಲ್‌ಓ, ಅಂದ್ರೆ ಮತದಾರ ಪಟ್ಟಿ ನೋಡ್ಕೊಳ್ಳೋ ಬೂತ್ ಮಟ್ಟದ ಅಧಿಕಾರಿ ಆಗಿರೋರನ್ನ ಪಾಠದ ಹೊತ್ತಲ್ಲಿ ಮನೆಮನೆ ಸುತ್ತಿಸಿದ್ರೆ ಸಂಘದ ಮೂಲಕ ಈ ತೀರ್ಪು ತೋರಿಸಿ ಮನವಿ ಕೊಡೋಕೆ ಯಾವ ನಿಯಮವೂ ಅಡ್ಡ ಬರಲ್ಲ. ಹಾಗಂತ ಬೂತ್ ಡ್ಯೂಟಿಯನ್ನ ಬರೀ ಹಿಂಸೆ ಅಂತ ನಾನು ನೋಡಲ್ಲ. ಬೆಳಗ್ಗೆ ಎಲ್ಲಾ ಏಜೆಂಟರ ಮುಂದೆ ಅಣಕು ಮತದಾನ ಮಾಡಿ, ಸಂಜೆ ಎಷ್ಟು ವೋಟ್ ಬಿತ್ತು ಅನ್ನೋ ಲೆಕ್ಕದ 17ಸಿ ಫಾರಂ ನೆಟ್ಟಗೆ ತುಂಬಿ ಪ್ರತಿ ಏಜೆಂಟಿಗೂ ಕೊಟ್ಟು ಕಳಿಸೋದೂ ಎಲೆಕ್ಷನ್‌ನಲ್ಲಿ ಭಾಗವಹಿಸಿದ ಹಾಗೇ. ಬೇಜಾರಾಗೋದು ಎಲ್ಲಿ ಅಂದ್ರೆ ಸಾವಿರ ಜನರ ವೋಟ್ ಹಾಕಿಸಿ ನಮ್ಮ ವೋಟ್ ಬಿಟ್ಟು ಬರೋದು. ಟ್ರೈನಿಂಗ್ ದಿನವೇ ಫಾರಂ 12 ಕೊಟ್ರೆ ಅಂಚೆ ಮತಪತ್ರ ಸಿಗುತ್ತೆ, ಈಗ ಅದನ್ನ ಮನೆಗೆ ತಗೊಂಡು ಹೋಗೋ ಹಾಗಿಲ್ಲ, ಫೆಸಿಲಿಟೇಷನ್ ಸೆಂಟರ್‌ನಲ್ಲೇ ಹಾಕಿ ಬರ್ಬೇಕು. ಲೋಕಸಭೆಗೆ ನಿಮ್ಮದೇ ಕ್ಷೇತ್ರದ ಒಳಗೆ ಡ್ಯೂಟಿ ಬಂದಿದ್ರೆ ಫಾರಂ 12ಎ ಕೊಟ್ಟು ಇಡಿಸಿ (ಚುನಾವಣಾ ಡ್ಯೂಟಿ ಸರ್ಟಿಫಿಕೇಟ್) ತಗೊಂಡು, ಡ್ಯೂಟಿ ಬೂತಲ್ಲೇ ಬಟನ್ ಒತ್ತಬಹುದು.

ಕಳೆದ ಸಲ ಫಾರಂ 19 ಬಂದಾಗ ನಮ್ಮ ಶಾಲೆ ಕ್ಲರ್ಕು ಅದನ್ನ ಎಲ್ಲರ ಹಾಜರಾತಿ ಪುಸ್ತಕದ ಒಳಗೇ ಇಟ್ಟುಬಿಟ್ಟಿದ್ರು, ಸಹಿ ಹಾಕೋಕೆ ಪುಸ್ತಕ ತೆರೆದ್ರೆ ಫಾರಂ ಎದುರಿಗೆ. ಒಂದು ವಾರದಲ್ಲಿ ಹದಿನಾಲ್ಕೂ ಜನರದ್ದು ತುಂಬಿ, ಹೆಡ್‌ಮಾಸ್ಟರ್ ಸಹಿ, ಸೀಲು ಬಿದ್ದು ತಾಲೂಕು ಆಫೀಸಿಗೆ ಹೋಯ್ತು. ಪಕ್ಕದ ಹೈಸ್ಕೂಲಲ್ಲಿ ಅದೇ ಫಾರಂ ಕಟ್ಟು ಬೀರು ಮೇಲಿತ್ತು, ಚುನಾವಣೆ ದಿನ ನಾವು ಹೊರಟಾಗ ಅವರು ಫೋನ್ ಮಾಡಿ "ನಮ್ಮ ಹೆಸರು ಯಾಕಿಲ್ಲ" ಅಂತ ಕೇಳ್ತಿದ್ರು.